ಬದುವಿನ ಮೇಲಿಟ್ಟ ಚೊಂಬು

ಚೌಡಮ್ಮ ಹಿರಿಯಳು, ದ್ಯಾವಮ್ಮ ಕಿರಿಯಳು. ಇಬ್ಬರೂ ಓರಗಿತ್ತಿಯರು. ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡ ಮೇಲೆ ಇವರ ನಡುವೆ ಒಂದು ಬದು ಬಂತು, ಮಾತು ನಿಂತಿತು. ಬದುವಿನ ಆಚೆಗೂ ಅವರೆ ಬೆಳೆ, ಈಚೆಗೂ ಅವರೆ ಬೆಳೆ.

ಆ ವರ್ಷ ಚೌಡಮ್ಮನ ಮಗಳು ಶಶಿಕಲಾ ಚೊಚ್ಚಲ ಬಸುರಿಯಾಗಿ ತವರಿಗೆ ಬಂದಿದ್ದಳು. "ಅಮ್ಮಾ, ಹಿದುಕಿದ ಬೇಳೆ ಸಾರು ಉಣ್ಣಬೇಕು. ನಮ್ಮ ಹೊಲದ ಅವರೆಯದೇ ಆಗಬೇಕು," ಅಂದಳು. ಬಸುರಿ ಬಾಯಿಬಿಟ್ಟು ಕೇಳಿದರೆ ಇಲ್ಲ ಅನ್ನಲಾಗುತ್ತದೆಯೇ? ಆದರೆ ಚೌಡಮ್ಮನ ಅವರೆಯ ಕುಡಿಗಳಿಗೆ ಕರೀ ಹೇನು ಮುತ್ತಿಕೊಂಡಿತ್ತು. ಹೂವೆಲ್ಲ ಮುದುಡಿ ಉದುರುತ್ತಿತ್ತು.

ದ್ಯಾವಮ್ಮನ ಹೊಲ ಮಾತ್ರ ಹೂ ತುಂಬಿ ನಳನಳಿಸುತ್ತಿತ್ತು! ಚೌಡಮ್ಮನಿಗೆ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದ ಹಾಗಾಯಿತು. ನೋಡಲೇಬಾರದು ಅಂದುಕೊಂಡೇ ದಿನಕ್ಕೆ ಹತ್ತು ಸಲ ನೋಡಿದಳು.

ಒಂದು ಬೆಳಿಗ್ಗೆ ಬದುವಿನ ಮೇಲೆ ಒಂದು ಚೊಂಬು ಇತ್ತು. ಒಳಗೆ ಹಾಲಿನಂಥ ನೀರು, ಘಮ್ಮೆನ್ನುವ ನಿಂಬೆಹುಲ್ಲಿನ ವಾಸನೆ.

"ಅಕ್ಕಾ, ನಿಂಗೇ ಇಟ್ಟಿದ್ದೀನಿ. ಕುಡಿಗೆ ಚಿಮುಕಿಸಿ ನೋಡು," ದ್ಯಾವಮ್ಮ ಆಚೆಯಿಂದ ಕೂಗಿದಳು.

"ನಿನ್ನ ಭಿಕ್ಷೆ ಯಾರಿಗೆ ಬೇಕೇ!" ಚೌಡಮ್ಮ ಚೊಂಬನ್ನೆತ್ತಿ ಎರಚಿಬಿಟ್ಟಳು. ನೀರೆಲ್ಲ ಬದುವಿನಂಚಿನ ಅವಳದೇ ಒಂದು ಅವರೆ ಗಿಡದ ಮೇಲೆ ಬಿತ್ತು.

ಬೇಡ ಅಂದಳೇನೋ ಸರಿ, ಸುಮ್ಮನಿರಬೇಕಲ್ಲ! ಸಂಜೆ ಹರಳುಗಿಡದ ಮರೆಯಲ್ಲಿ ನಿಂತು ಇಣುಕಿದಳು. ದ್ಯಾವಮ್ಮ ಸೀಸೆಯಿಂದ ಚಮಚಕ್ಕೆ ಒಂದಿಷ್ಟು ನಿಂಬೆಹುಲ್ಲಿನ ಎಣ್ಣೆ ಬಗ್ಗಿಸಿಕೊಂಡಳು. ಅಷ್ಟು ಕಂಡದ್ದೇ ತಡ, ಇಷ್ಟೇನಾ ಗುಟ್ಟು ಎಂದು ಚೌಡಮ್ಮ ಮನೆಗೆ ಓಡಿದಳು. ಮರುದಿನ ಸಂತೆಯಿಂದ ಅದೇ ಎಣ್ಣೆ ತಂದಳು. "ಅವಳು ಚಮಚ ಹಾಕಿದರೆ ನಾನು ಸೀಸೆಯನ್ನೇ ಹಾಕ್ತೀನಿ!" ಬರೀ ನೀರಿಗೆ ಅಷ್ಟನ್ನೂ ಸುರಿದು ನಡುಮಧ್ಯಾಹ್ನದ ಬಿಸಿಲಲ್ಲಿ ಇಡೀ ಹೊಲಕ್ಕೆ ಹೊಡೆದಳು. ಬದುವಿನಂಚಿನ ಆ ಒಂದು ಗಿಡವನ್ನು ಮಾತ್ರ ಮುಟ್ಟಲಿಲ್ಲ. ಅದಕ್ಕೆ ದ್ಯಾವಮ್ಮನ ನೀರು ಸೋಕಿತ್ತಲ್ಲ!

ಮೂರೇ ದಿನ. ಎಲೆಯೆಲ್ಲ ಸುಟ್ಟು ಸೀದುಹೋಯಿತು. ಚೌಡಮ್ಮ ಬದುವಿನ ಮೇಲೆ ಕೂತು ಗೋಳೋ ಎಂದು ಅತ್ತಳು. ಕಣ್ಣೊರೆಸಿಕೊಂಡು ನೋಡಿದರೆ, ಆ ಒಂದೇ ಗಿಡ ಹಸಿರಾಗಿ ನಿಂತಿದೆ. ಒಂದು ಹೇನೂ ಇಲ್ಲ, ಮೈತುಂಬ ಹೂ.

ದ್ಯಾವಮ್ಮ ಬದು ದಾಟಿ ಬಂದಳು. "ಎಣ್ಣೆ ನೀರಲ್ಲಿ ಬೆರೆಯಲ್ಲ ಅಕ್ಕಾ. ಅಂಟುವಾಳದ ನೊರೆಯಲ್ಲಿ ಕಲಸಿ, ಬಕೆಟ್ಟಿಗೆ ಒಂದೆರಡು ಚಮಚ ಹಾಕಿ, ಬಿಸಿಲು ಇಳಿದ ಮೇಲೆ ಹೊಡೀಬೇಕು. ಕೇಳಿದ್ರೆ ಹೇಳ್ತಿರಲಿಲ್ವಾ?"

ತಿಂಗಳ ಮೇಲೆ ಆ ಗಿಡದಲ್ಲಿ ಎರಡು ಬೊಗಸೆ ಕಾಯಿ ಸಿಕ್ಕಿತು. ಸಾರಿಗೆ ಸಾಲದು. ಚೌಡಮ್ಮ ಆ ಚೊಂಬನ್ನು ಬೆಳಗಿ ಹಿಡಿದುಕೊಂಡು ತಾನೇ ಬದು ದಾಟಿದಳು. "ದ್ಯಾವೀ, ತಪ್ಪಾಯ್ತು ಕಣೆ. ಮಗಳ ಬಯಕೆಗೆ ಒಂದು ಮೊರ ಅವರೆ ಕೊಡ್ತೀಯಾ?"

ಮಗಳು ಸಾರು ಸುರಿದುಕೊಂಡು ಉಣ್ಣುತ್ತ ಕೇಳಿದಳು, "ನಮ್ಮ ಹೊಲದ್ದೇ ತಾನೇ ಅಮ್ಮಾ?"

"ಹೂಂ ಕಣವ್ವಾ, ನಮ್ಮದೇ. ಬದುವಿನ ಎರಡೂ ಕಡೆಯದು," ಅಂದಳು ಚೌಡಮ್ಮ.

ನೀತಿ: ಹೊಟ್ಟೆಕಿಚ್ಚಿನಿಂದ ಕದ್ದು ನೋಡಿದವರಿಗೆ ಅರ್ಧ ವಿದ್ಯೆ ಸಿಗುತ್ತದೆ, ಅದು ಇದ್ದ ಬೆಳೆಯನ್ನೂ ಸುಡುತ್ತದೆ. ಬಾಯಿಬಿಟ್ಟು ಕೇಳಿದವರಿಗೆ ಪೂರ್ತಿ ಸಿಗುತ್ತದೆ.