ಕಾವಲುಗಾರನ ಅಂಗೈ

"ಗುರುಗಳೇ, ನಮ್ಮ ಮೈಯೊಳಗಿನ ಕಾವಲು ಕಣ ರೋಗಾಣುವನ್ನು ನುಂಗಿ ಚೂರು ಮಾಡಿದ ಮೇಲೂ ಒಂದು ಚೂರನ್ನು ಹೊತ್ತುಕೊಂಡು ಹೋಗಿ, ರೋಗದೊಡನೆ ಹೋರಾಡುವ ಟಿ ಕಣಗಳಿಗೆ ತೋರಿಸುತ್ತದಂತೆ. ಕೊಂದ ಮೇಲೆ ಮುಗಿಯಿತಲ್ಲ, ತೋರಿಸುವುದೇಕೆ?" ಎಂದು ಜ್ವರ ಬಿಟ್ಟು ಎದ್ದು ಬಂದ ಶಿಷ್ಯ ಮರುಳಯ್ಯ ಕೇಳಿದ.

ಗುರುಗಳು ನಕ್ಕು ಹೇಳತೊಡಗಿದರು.

ಒಂದು ಊರು. ಸುತ್ತ ಗೆಣಸಿನ ಹೊಲ. ಊರಿನಲ್ಲಿ ಮನೆಗೊಂದು ಬಲೆ. ಒಂದೊಂದು ಬಲೆ ಒಂದೊಂದೇ ಪ್ರಾಣಿಗೆಂದು ಹೆಣೆದದ್ದು. ತಮ್ಮ ಬಲೆಯ ಪ್ರಾಣಿಯ ಗುರುತು ಬಿಟ್ಟರೆ ಆ ಮನೆಯವರಿಗೆ ಬೇರೇನೂ ತಿಳಿಯದು. ಹಿಂದೊಮ್ಮೆ ಯಾರೋ ನೆಲದ ಮೇಲೆ ಕೂದಲು ಕಂಡು ಆತುರದಿಂದ ಬಲೆ ಒಡ್ಡಿದ್ದರು. ಊರಿನ ಕರುವೇ ಸಿಕ್ಕಿ ಸತ್ತಿತು. ಅಂದಿನಿಂದ ಒಂದು ಕಟ್ಟಳೆಯಾಯಿತು. ಕಾವಲುಗಾರ ಏನನ್ನು ಕೊಂದರೂ ಅದರ ಗುರುತನ್ನು ಅಂಗೈಯಲ್ಲಿ ಹಿಡಿದು ತೋರಿಸಬೇಕು. ಅದು ತಮ್ಮದೆಂದು ತಿಳಿದವರು ಮಾತ್ರ ಬಲೆ ಒಡ್ಡಬೇಕು.

ಕೊನೆಯ ಮನೆಯ ಮುದುಕಿಯ ಬಲೆಗೆ ಎಂದೂ ಕೆಲಸ ಬಿದ್ದಿರಲಿಲ್ಲ. "ಅಜ್ಜೀ, ಅದನ್ನು ಹಾಗಲಬಳ್ಳಿಗಾದರೂ ಕಟ್ಟು" ಎಂದು ಜನ ನಗುತ್ತಿದ್ದರು. ಅವಳು ದಿನವೂ ದೇವರಿಗೆ ದೀಪ ಹಚ್ಚಿ, ಬಲೆಯ ದೂಳು ಕೊಡವಿ ಇಡುತ್ತಿದ್ದಳು.

ಒಂದು ಬೆಳಗ್ಗೆ ಕಾವಲುಗಾರ ಹೊಲದಲ್ಲಿ ಎಂದೂ ಕಾಣದ ಪ್ರಾಣಿಯೊಂದನ್ನು ಹೊಡೆದು ಕೊಂದ. ಹೂತು, ಕೈ ತೊಳೆದು, ಮೀಸೆ ತಿರುವುತ್ತ ಮನೆಗೆ ಬಂದ.

ಹೆಂಡತಿ ಅಂದಳು: "ಅದರ ಬಳಗ ಬಂದರೆ ನೀವೊಬ್ಬರೇ ಕೋಲು ಹಿಡಿದು ಕುಣಿಯುತ್ತೀರಾ? ಊರಿಗೆಲ್ಲ ವರ್ಷದ ಅನ್ನ ಆ ಗೆಣಸು. ಬರಿಗೈಯಲ್ಲಿ ಬಂದಿದ್ದೀರಲ್ಲ!"

ಅವನು ಓಡಿದ. ಹೂತದ್ದನ್ನು ತೆಗೆದು, ಚಿಟಿಕೆ ಕೂದಲು ಕಿತ್ತು, ಅಂಗೈಯಲ್ಲಿಟ್ಟುಕೊಂಡು ಊರ ಕಟ್ಟೆಯ ಮೇಲೆ ಕುಳಿತ. ಮನೆಮನೆಯವರೂ ಬಂದು ಬಗ್ಗಿ ನೋಡಿದರು. "ನಮ್ಮದಲ್ಲ" ಎಂದು ಹೋದರು. "ನಮ್ಮತ್ತೆಯ ಜಡೆ ಇದ್ದೀತು, ವಿಚಾರಿಸು" ಎಂದನೊಬ್ಬ. ಕಾವಲುಗಾರನ ಕೈ ಸೋತಿತು. ಆದರೂ ಮುಚ್ಚಲಿಲ್ಲ.

ಕೊನೆಗೆ ಮುದುಕಿ ಬಂದಳು.

"ಇದೇ ಕಣಪ್ಪಾ! ನಮ್ಮಜ್ಜಿ ಹೇಳುತ್ತಿದ್ದ ಕೂದಲು ಇದೇ!" ಎಂದು ಕೈ ತಟ್ಟಿ ಕುಣಿದೇಬಿಟ್ಟಳು. ಮಕ್ಕಳು, ಮೊಮ್ಮಕ್ಕಳು, ನೆಂಟರನ್ನೆಲ್ಲ ಕೂಗಿದಳು. ಎಲ್ಲರೂ ಕೂತು ಅವಳ ಬಲೆಯಂಥದೇ ಬಲೆಗಳನ್ನು ಹೆಣೆದು ಹೊಲದ ಸುತ್ತ ಒಡ್ಡಿದರು. ಸಂಜೆ ಹಿಂಡೇ ಬಂತು. ಬಂದದ್ದೆಲ್ಲ ಬಲೆಗೆ ಬಿತ್ತು. ಊರಿನವರು ಕಟ್ಟೆಯ ಮುಂದೆ ಗೆಣಸು ಬೇಯಿಸಿ, ಮೊದಲ ಗೆಣಸನ್ನು ಅಜ್ಜಿಗೆ ಕೊಟ್ಟು, ಹಾಡಿಕೊಂಡು ತಿಂದರು.

ಮರುಳಯ್ಯ ಹಿಗ್ಗಿ ಹೇಳಿದ: "ಹಾಗಾದರೆ ಅಜ್ಜಿಯೊಬ್ಬಳೇ ಸಾಕಿತ್ತು. ನೋಡಿ ಸುಮ್ಮನೆ ಮನೆಗೆ ಹೋದವರಿಂದ ಏನಾಯಿತು, ಗುರುಗಳೇ?"

"ಅವರು ಸುಮ್ಮನೆ ಹೋದದ್ದರಿಂದ, ಮರುಳಯ್ಯ, ಆ ಸಂಜೆ ಊರಿನ ಕರುಗಳೆಲ್ಲ ಕೊಟ್ಟಿಗೆಗೆ ಬಂದವು."