ಹಾಕಿ ಸ್ಟಿಕ್ಕಿನ ಕೈಗುರುತು

ಹಳೆಯ ಆಟದ ಸಾಮಾನುಗಳನ್ನು ರಿಪೇರಿ ಮಾಡುವ ಅಂಗಡಿಯಲ್ಲಿ ಹೊಳಪಿನ ಹುಚ್ಚು ಹಿಡಿದ ಹಾಕಿ ಸ್ಟಿಕ್ಕೊಂದಿತ್ತು. ಅದರ ಹಿಡಿಯ ಮೇಲೆ ತೀರಿಹೋದ ಆಟಗಾರ ಚಂಗಪ್ಪನ ಅಂಗೈ ಗುರುತು ಕಪ್ಪಗೆ ಕೂತಿತ್ತು.

“ಗೀರುಗಳನ್ನೆಲ್ಲ ತೆಗೆದೆ. ಈ ಗುರುತನ್ನು ಮಾತ್ರ ಮುಟ್ಟಲಾರೆ,” ಎಂದಿತು ಉಜ್ಜುವ ಉಪ್ಪುಕಾಗದ.

“ಆ ಕೊಳಕೇ ಮೊದಲು ತೊಲಗಲಿ! ಈ ಷೋಕೇಸಿನಲ್ಲಿ ನಾನೊಬ್ಬನೇ ಮಿಂಚಬೇಕು,” ಎಂದು ಸ್ಟಿಕ್ಕು ಗದರಿತು.

ಕಾಗದ ಉಜ್ಜಿತು. ಗುರುತು ಪುಡಿಯಾಗಿ ಉದುರಿತು.

ಮರುದಿನ ಮಟಮಟ ಮಧ್ಯಾಹ್ನ, ಅಂಗಡಿಯಲ್ಲಿ ನರಪಿಳ್ಳೆಯೂ ಇಲ್ಲದಾಗ, ಷೋಕೇಸಿನ ಸೀಟಿ ತಾನಾಗಿಯೇ ಕೂಗಿತು. ಹಳೆಯ ಬೂಟುಗಳು ಎದ್ದು ಸಾಲಾಗಿ ನಿಂತವು. ತಣ್ಣನೆಯ ಕೈಯೊಂದು ಬಂದು ಸ್ಟಿಕ್ಕಿನ ಹಿಡಿಯನ್ನು ತಡಕಿತು, ಮತ್ತೆ ಮತ್ತೆ ತಡಕಿತು.

“ಚಂಗಪ್ಪಾ, ನಾನೇ ನಿನ್ನ ಸ್ಟಿಕ್ಕು!”

“ಅಲ್ಲ, ಇದು ಯಾರದೋ ಹೊಸದು,” ಎಂದಿತು ಕೈ.

ಬೂಟುಗಳು ಮೈದಾನದ ಕಡೆ ನಡೆದವು. ಷೋಕೇಸಿನಲ್ಲಿ ಸ್ಟಿಕ್ಕೊಂದೇ ಮಿಂಚುತ್ತಿತ್ತು.