ಐದನೆಯವಳು

ಕೃಷ್ಣಾ ನದಿಯ ದಂಡೆಯ ಮೇಲೆ ದುಂಡಪ್ಪ ಮೇತ್ರಿ ಸೈಕಲ್ ರೇಸು ಕಲಿಸುತ್ತಿದ್ದರು. ಹನ್ನೊಂದು ವರ್ಷ ಹೊರದೇಶದ ತಂಡವೊಂದರಲ್ಲಿ ಸಂಬಳಕ್ಕೆ ಸೈಕಲ್ ತುಳಿದು, ನಿವೃತ್ತರಾಗಿ ಬಂದವರು. ಬೆಟ್ಟದ ಹಾದಿಯ ರೇಸೊಂದನ್ನು ಅವರು ಗೆದ್ದದ್ದು ಊರಿಗೆಲ್ಲ ಗೊತ್ತು. ಅವರು ಮಾತ್ರ ಆ ಮಾತು ಎತ್ತುತ್ತಿರಲಿಲ್ಲ.

ಶಿಷ್ಯೆ ಶಿವಲೀಲಾಳಿಗೆ ಇಪ್ಪತ್ಮೂರು. ರಾಷ್ಟ್ರೀಯ ತಂಡ ಎರಡು ಸಲ ಕೈತಪ್ಪಿತ್ತು. ಇಂದಿನ ರೇಸೇ ಕೊನೆಯ ಆಯ್ಕೆ. ಮೊದಲ ನಾಲ್ವರಿಗೆ ಮಾತ್ರ ಜಾಗ.

ಅದೇ ದಂಡೆಯಿಂದ ಹೊರಡುವ ರೇಸಿಗೆ ಇನ್ನು ಕಾಲು ತಾಸಿತ್ತು. ಗುರು ಹತ್ತಿರ ಬಂದಾಗ ಅವಳು ಜೇಬಿಗೆ ಏನನ್ನೋ ತುರುಕಿದಳು.

"ತೋರ್ಸು."

ಬೆರಳಿನಷ್ಟು ಸಣ್ಣ ಬಾಟಲಿ. ಒಳಗೆ ಬಣ್ಣವಿಲ್ಲದ ಔಷಧ.

"ಯಾರ ಕೊಟ್ರು?"

"ಯಾರರೆ ಕೊಟ್ಟಿರ್ಲಿ ಬಿಡ್ರಿ. ಎಲ್ಲಾರೂ ತಗೋತಾರ. ಕಾಲಿಗೆ ದಣಿವ ಗೊತ್ತಾಗೂದಿಲ್ಲಂತ. ಇವತ್ತ ಪರೀಕ್ಷೆ ಮಾಡೋರೂ ಬಂದಿಲ್ಲ."

ಗುರು ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿದರು. ಆಮೇಲೆ ಅವಳ ಅಂಗೈಯಲ್ಲೇ ಇಟ್ಟರು.

ಅವಳಿಗೆ ಸಿಟ್ಟು ಬಂತು. "ಬೈರಿ. ಹೊಳಿಗೆ ಒಗೀರಿ. ಸುಮ್ನ ಯಾಕ ತಿರುಗಿ ಕೊಡ್ತೀರಿ?"

"ಕೈ ನಿಂದು."

"ನಿಮಗೇನ್ರಿ, ನೀವು ಗೆದ್ದವರು! ಸೋತವರ ಸಂಕಟ ನಿಮಗೇನ್ ಗೊತ್ತು?"

ಗುರು ಮರಳ ಮೇಲೆ ಕುಳಿತರು.

"ಒಂಬತ್ತು ವರ್ಷ ಮಂದಿಗೆ ನೀರಿನ ಬಾಟಲಿ ಹೊತ್ತೆ. ತಂಡದ ನಾಯಕಗ ಗಾಳಿ ಬಡೀಬಾರದಂತ ಅವನ ಮುಂದ ಎದಿ ಕೊಟ್ಟು ತುಳಿದೆ. ಒಂದೂ ಗೆಲ್ಲಲಿಲ್ಲ. ಹತ್ತನೇ ವರ್ಷ, ಈ ಸಲ ಗೆಲ್ಲದಿದ್ರ ಇನ್ನ ನೀ ಬ್ಯಾಡ ಅಂದ್ರು. ಆ ಬೆಟ್ಟದ ರೇಸಿನ ದಿನ ಇಂಥಾದ್ದ ಒಂದು ಬಾಟಲಿ ನನ್ನ ಕೈಯಾಗಿತ್ತು."

ಶಿವಲೀಲಾ ಅವರೆದುರು ಕುಳಿತಳು. "ತಗೊಂಡ್ರಿ?"

"ತಗೊಂಡೆ."

"ಸಿಕ್ಕಿಬಿದ್ರಿ?"

"ಇಲ್ಲ. ಕಪ್ ಕೊಟ್ರು. ಊರಾಗ ಜೀಪಿನ ಮ್ಯಾಲೆ ಮೆರವಣಿಗಿ ಮಾಡಿದ್ರು. ಮರುವರ್ಷ ಎಲ್ಲಾ ಬಿಟ್ಟು ಬಂದೆ."

"ಯಾಕ್ರಿ?"

ಗುರು ಎದ್ದು ಹೋಗಿ ಅವಳ ಸೈಕಲ್ಲಿನ ಹಿಂದಿನ ಗಾಲಿಗೆ ಪಂಪು ಹಚ್ಚಿದರು. ಪಂಪಿನ ಮೂತಿ ಎರಡು ಸಲ ಜಾರಿತು.

ಮೈಕಿನಲ್ಲಿ ಅವಳ ಹೆಸರು ಕೂಗಿದರು.

ಅವಳು ಮುಚ್ಚಳ ತೆಗೆದಳು. ಬಾಟಲಿಯನ್ನು ತುಟಿಯ ತನಕ ತಂದಳು. ಗುರು ತಲೆ ಎತ್ತಲಿಲ್ಲ. ಮತ್ತೊಮ್ಮೆ ಹೆಸರು ಕೂಗಿದರು.

ಅವಳು ಔಷಧವನ್ನು ಮರಳಿಗೆ ಸುರಿದು ಸೈಕಲ್ ಹತ್ತಿದಳು.

ಎಂಬತ್ತು ಕಿಲೋಮೀಟರು. ಕೊನೆಯ ಏರಿನವರೆಗೂ ಅವಳು ಮೂರನೆಯವಳಾಗಿದ್ದಳು. ಅಲ್ಲಿ ತೊಡೆ ಹಿಡಿದುಕೊಂಡಿತು. ಹಲ್ಲು ಕಚ್ಚಿ ತುಳಿದಳು. ಒಬ್ಬಳು ದಾಟಿದಳು. ಮುಕ್ತಾಯದ ಗೆರೆ ಕಣ್ಣಿಗೆ ಬಿದ್ದಾಗ ಇನ್ನೊಬ್ಬಳು. ನಾಲ್ಕನೆಯವಳಿಗೂ ಅವಳಿಗೂ ಒಂದು ಗಾಲಿಯಷ್ಟೇ ಅಂತರ.

ದಂಡೆಗೆ ಬಂದು ಸೈಕಲ್ ಎತ್ತಿ ಒಗೆದಳು.

"ಒಂದು ಗಾಲಿ! ಅದನ್ನ ಕುಡಿದಿದ್ರ ಇವತ್ತ ನಾ ತಂಡದಾಗ ಇರ್ತಿದ್ದೆ."

"ಇರ್ತಿದ್ದಿ."

"ನಿಮಗರೆ ಒಂದು ಗೆಲುವು ಐತಿ. ನನಗೇನೈತ್ರಿ?"

ಗುರು ನೀರು ಕೊಟ್ಟರು. ಅವಳು ಕುಡಿದು ಮುಗಿಸುವ ತನಕ ಕಾದರು.

"ಇವತ್ತ ಸೋತಾಕಿ ಯಾರಂತ ನಿನಗ ಗೊತ್ತೈತಿ. ಅವತ್ತ ಗೆದ್ದದ್ದು ನಾನೋ ಆ ಬಾಟಲಿಯೋ, ನನಗ ಇನ್ನೂ ಗೊತ್ತಿಲ್ಲ."